ಮುಖದ ಮೇಲಿನ ಬೆಳಕು ಯಾರ ಮಾತು?

ಗೆಳೆಯರೇ, ನಮಸ್ಕಾರ.

ಪರದೆಯ ಮೇಲಿರುವ ಈ ಫೋಟೊ 1946ರಲ್ಲಿ ನ್ಯೂಯಾರ್ಕಿನಲ್ಲಿ ತೆಗೆದದ್ದು. ತೆಗೆದವರು ಆರ್ನಾಲ್ಡ್ ನ್ಯೂಮನ್. ಚೌಕಟ್ಟಿನ ತುಂಬ ಒಂದು ದೊಡ್ಡ ಪಿಯಾನೊ, ಅದರ ಎತ್ತಿದ ಕಪ್ಪು ಮುಚ್ಚಳ, ಹಿಂದೆ ತಿಳಿ ಬಣ್ಣದ ಗೋಡೆ. ಸರಿ, ಮನುಷ್ಯ ಎಲ್ಲಿ? ಕೆಳಗೆ ಎಡಮೂಲೆಯಲ್ಲಿ ತಲೆಗೆ ಕೈ ಕೊಟ್ಟು ಕೂತಿದ್ದಾರೆ ನೋಡಿ. ಅವರೇ ಸಂಗೀತಗಾರ ಇಗೋರ್ ಸ್ಟ್ರಾವಿನ್‌ಸ್ಕಿ.

ಮುಖ ಮಧ್ಯದಲ್ಲಿರಲಿ, ದೊಡ್ಡದಾಗಿ ಕಾಣಲಿ ಅನ್ನುವುದು ನಮ್ಮ ಸ್ಟುಡಿಯೊಗಳ ಪಾಠ ಅಲ್ವಾ? ನ್ಯೂಮನ್ ಅದನ್ನು ಪೂರ್ತಿ ಬಿಟ್ಟರು. ಪಿಯಾನೊ ಮುಚ್ಚಳದ ಆಕಾರ ಪಾಶ್ಚಾತ್ಯ ಸಂಗೀತದ ಬರವಣಿಗೆಯಲ್ಲಿ ಬರುವ ‘ಫ್ಲಾಟ್’ ಗುರುತಿನ ಹಾಗೇ ಇದೆ. ಅವರು ಹಿಡಿದುಕೊಂಡದ್ದು ಅದನ್ನು. ಆಮೇಲೆ ಸುತ್ತಲಿನದನ್ನೆಲ್ಲ ಕತ್ತರಿಸಿ, ಮುಚ್ಚಳ ಮತ್ತು ಮನುಷ್ಯ ಇಷ್ಟೇ ಉಳಿಯುವ ಹಾಗೆ ಮಾಡಿದರು. ಕ್ಲಿಕ್ ಮಾಡಿದ ಮೇಲೂ ಫ್ರೇಮ್ ಕಟ್ಟುವ ಕೆಲಸ ಮುಗಿದಿರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಫೋಟೊ ಕೇಳಿದ್ದ ಹಾರ್ಪರ್ಸ್ ಬಜಾರ್ ಪತ್ರಿಕೆ ಬೇಡ ಅಂದಿತು. ಇವತ್ತು ನ್ಯೂಮನ್ ಹೆಸರು ಹೇಳಿದರೆ ಮೊದಲು ನೆನಪಾಗುವುದೇ ಈ ಚಿತ್ರ.

ಈಗ ಇನ್ನೊಂದು, 1963ರದ್ದು. ಜರ್ಮನಿಯ ಎಸೆನ್ ಊರಿನ ಕಾರ್ಖಾನೆ. ಕೂತಿರುವವನು ಆಲ್‌ಫ್ರೆಡ್ ಕ್ರುಪ್. ಹಿಟ್ಲರನ ಕಾಲದಲ್ಲಿ ಸೆರೆಯಾಳುಗಳನ್ನು ತನ್ನ ಕಾರ್ಖಾನೆಗಳಲ್ಲಿ ಜೀತಕ್ಕೆ ದುಡಿಸಿಕೊಂಡವನು. 1948ರಲ್ಲಿ ನ್ಯೂರೆಂಬರ್ಗ್‌ನ ಯುದ್ಧಾಪರಾಧದ ವಿಚಾರಣೆಯಲ್ಲಿ ಶಿಕ್ಷೆಯಾಯಿತು, 1951ಕ್ಕೇ ಹೊರಗೆ ಬಂದ. ನ್ಯೂಸ್‌ವೀಕ್ ಪತ್ರಿಕೆ ಈ ಕೆಲಸ ಕೊಟ್ಟಾಗ ನ್ಯೂಮನ್ ಮೊದಲು ಒಲ್ಲೆ ಅಂದಿದ್ದರು. ಅವರು ಯಹೂದಿ.

ಕೊನೆಗೆ ಹೋದರು. ಏನು ಮಾಡಿದರು? ಕ್ರುಪ್‌ನ ಎರಡೂ ಪಕ್ಕಕ್ಕೆ ದೀಪ ಇಟ್ಟರು. ಕೆನ್ನೆಗಳ ಅಂಚಿಗೆ ಬೆಳಕು, ಕಣ್ಣಿನ ಗುಳಿಗೆ ಕತ್ತಲು. ಸ್ವಲ್ಪ ಮುಂದಕ್ಕೆ ಬಾಗಿ ಅಂದರು. ಅವನು ಗಲ್ಲದ ಕೆಳಗೆ ಬೆರಳು ಹೆಣೆದುಕೊಂಡು ಬಾಗಿದ. ಕಾರ್ಖಾನೆಯ ಟ್ಯೂಬ್‌ಲೈಟಿನಿಂದ ಚಿತ್ರಕ್ಕೆಲ್ಲ ಒಂದು ರೋಗಿಷ್ಠ ಹಸಿರು ಬಂತು. ಅಷ್ಟೇ, ಸೂಟು ಹಾಕಿದ ಉದ್ಯಮಿ ರಾಕ್ಷಸನಾದ.

ಇಲ್ಲಿ ಬೆಳಕು ಸುಮ್ನೆ ಮುಖ ತೋರಿಸುತ್ತಿಲ್ಲ, ತೀರ್ಪು ಕೊಡುತ್ತಿದೆ. ಕ್ರುಪ್‌ನ ವಿಷಯದಲ್ಲಿ ನನಗೇನೂ ತಕರಾರಿಲ್ಲ. ಆದರೆ ಅದೇ ದೀಪ ಹಾಗೇ ಇಟ್ಟರೆ ನಮ್ಮ ಪೋಸ್ಟ್‌ಮ್ಯಾನ್ ಕೂಡ ರಾಕ್ಷಸನೇ. ‘ವ್ಯಕ್ತಿತ್ವ ಸೆರೆಹಿಡಿದೆ’ ಎಂದು ಯಾರಾದರೂ ಎದೆಯುಬ್ಬಿಸಿದಾಗ ನನಗೆ ಅನುಮಾನ ಬರುವುದು ಇದಕ್ಕೇ. ಫೋಟೊದಲ್ಲಿ ಇರುವುದು ಆ ಮನುಷ್ಯನ ಬಗ್ಗೆ ನಿಮ್ಮ ಅಭಿಪ್ರಾಯ.

ಯೂಸುಫ್ ಕಾರ್ಶ್ ತೆಗೆದ ಚರ್ಚಿಲ್ ಚಿತ್ರ ನೀವೆಲ್ಲ ನೋಡಿರುತ್ತೀರಿ. 1941ರ ಡಿಸೆಂಬರ್, ಕೆನಡಾದ ಒಟ್ಟಾವ. ಆ ಬಿಗಿದ ತುಟಿ, ದುರುಗುಟ್ಟಿದ ಕಣ್ಣು ಹಿಟ್ಲರನಿಗೆ ಸವಾಲು ಎಂದು ಜಗತ್ತೆಲ್ಲ ಓದಿಕೊಂಡಿತು. ನಿಜವಾಗಿ ಆ ಸಿಟ್ಟು ಕಾರ್ಶ್ ಮೇಲಿನದು, ಬಾಯಲ್ಲಿದ್ದ ಸಿಗಾರ್ ಕಿತ್ತುಕೊಂಡಿದ್ದಕ್ಕೆ! ಅದಾದ ಕೂಡಲೇ ತೆಗೆದ ಇನ್ನೊಂದರಲ್ಲಿ ಚರ್ಚಿಲ್ ನಗುತ್ತಿದ್ದಾರೆ. ಅದೂ ಅವರೇ. ಆದರೆ ಯುದ್ಧದ ಕಾಲಕ್ಕೆ ಜನಕ್ಕೆ ಬೇಕಾಗಿದ್ದದ್ದು ಮೊದಲನೆಯದು.

ಹಾಗಾದರೆ ನಾವೇನು ಮಾಡಬೇಕು? ಕ್ಯಾಮೆರಾ ತೆಗೆಯುವ ಮೊದಲು ಎದುರಿಗಿರುವವರ ಜೊತೆ ಮಾತಾಡಿ. ಇವರ ಬಗ್ಗೆ ನನಗೆ ಏನನ್ನಿಸುತ್ತಿದೆ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕ ಮೇಲೆ ದೀಪದ ಜಾಗ ತಾನಾಗಿಯೇ ತಿಳಿಯುತ್ತದೆ.

ದುಬಾರಿ ಲೈಟು ಬೇಡವೇ ಬೇಡ. ಮನೆಯ ಟ್ಯೂಬ್‌ಲೈಟ್ ಆರಿಸಿ, ಅಜ್ಜಿಯನ್ನು ಕಿಟಕಿಯ ಪಕ್ಕ ಕೂರಿಸಿ. ಬೆಳಕು ಒಂದು ಪಕ್ಕದಿಂದ ಬಂದರೆ ಮುಖದ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಮುಖವನ್ನು ನಿಧಾನಕ್ಕೆ ಕಿಟಕಿಯ ಕಡೆ ತಿರುಗಿಸುತ್ತಾ ಹೋಗಿ. ಒಂದು ಹಂತದಲ್ಲಿ ನೆರಳಿನ ಕೆನ್ನೆಯ ಮೇಲೆ ಬೆಳಕಿನ ಪುಟ್ಟ ತ್ರಿಕೋನ ಮೂಡುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರಿನಲ್ಲಿ ಕರೆಯುವ ಬೆಳಕು ಅದೇ. ಇನ್ನೂ ತಿರುಗಿಸಿದರೆ ಗೆರೆಗಳು ಮೆತ್ತಗಾಗುತ್ತವೆ. ಎಲ್ಲಿ ನಿಲ್ಲಿಸಬೇಕು? ಅಜ್ಜಿಯನ್ನೇ ಕೇಳಿ! ಸುಕ್ಕು ಎಂದರೆ ಅನುಭವ, ತುಂಬಾ ಚೆನ್ನಾಗಿದೆ ಅನ್ನುವವರು ನಾವು. ಅವರಿಗೆ ಅದು ಇಷ್ಟವಿರಬೇಕಲ್ಲ?

ಕಣ್ಣಲ್ಲಿ ಕಿಟಕಿಯ ಹೊಳಪು ಕಾಣುತ್ತಿದೆಯಾ ನೋಡಿ, ಇಲ್ಲದಿದ್ದರೆ ಕಣ್ಣು ಸಪ್ಪೆ. ಫೋನನ್ನು ಮೂಗಿನ ಹತ್ತಿರ ಹಿಡಿಯಬೇಡಿ, ಮೂಗು ಉಬ್ಬುತ್ತದೆ. ಐದಾರು ಅಡಿ ಹಿಂದೆ ಬಂದು ಜೂಮ್ ಮಾಡಿ. ಹಿಂದೆ ಏನಿದೆ ನೋಡಿಕೊಳ್ಳಿ. ಹೊಲಿಗೆ ಯಂತ್ರದ ಮುಂದೆ ಜೀವನ ಕಳೆದವರ ಹಿಂದಿನಿಂದ ಆ ಯಂತ್ರವನ್ನೇ ಸರಿಸಿ, ಬಿಳಿ ಬಟ್ಟೆ ಕಟ್ಟುತ್ತೇವಲ್ಲ, ಅದು ಯಾಕೋ ನನಗೆ ತಿಳಿಯದು.

ಸರಿ, ನೀವು ತಂದಿರುವ ಫೋಟೊಗಳನ್ನು ಹಾಕೋಣ. ತೆಗೆದವರು ಏನೂ ಹೇಳಬೇಡಿ. ಈ ಮನುಷ್ಯ ಎಂಥವರು ಎಂದು ಉಳಿದವರು ಹೇಳಲಿ. ಮೊದಲು ಯಾರದ್ದು?