ಡೆಂಗಿಗೆ ಲಸಿಕೆ ಯಾಕಿಷ್ಟು ತಡ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮಳೆ ಹಿಡಿದ ಮೇಲೆ ಮಕ್ಕಳ ವಾರ್ಡಿನಲ್ಲಿ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಮೇಡಂ, ಪೋಲಿಯೊಗೆ ಹನಿ ಇದೆ, ದಡಾರಕ್ಕೆ ಸೂಜಿ ಇದೆ, ಡೆಂಗಿಗೆ ಯಾಕಿಲ್ಲ?" ನ್ಯಾಯವಾದ ಪ್ರಶ್ನೆ, ಅಲ್ವಾ? ಇವತ್ತು ಅದಕ್ಕೆ ಉತ್ತರ ಹೇಳಲು ಬಂದಿದ್ದೇನೆ.

ಡೆಂಗಿ ವೈರಸ್ಸಿನ ಬಳಗದಲ್ಲೇ ಹಳದಿ ಜ್ವರದ ವೈರಸ್ ಇದೆ. ಅದಕ್ಕೆ 1930ರ ದಶಕದಲ್ಲೇ ಲಸಿಕೆ ಸಿಕ್ಕಿತು. ಅದನ್ನು ತಯಾರಿಸಿದ ಮ್ಯಾಕ್ಸ್ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಬಂತು. ಹಳದಿ ಜ್ವರದಲ್ಲಿ ಒಂದೇ ಬಗೆ. ಡೆಂಗಿಯಲ್ಲಿ ನಾಲ್ಕು ಬಗೆ. ತೊಡಕೆಲ್ಲ ಇಲ್ಲಿಂದಲೇ ಶುರು.

ಒಂದನೇ ಬಗೆಯ ಡೆಂಗಿ ಬಂದು ವಾಸಿಯಾದವರಿಗೆ ಅದೇ ಬಗೆ ಮತ್ತೆ ಕಾಡುವುದಿಲ್ಲ. ಆದರೆ ಮುಂದೆ ಎರಡನೇ ಬಗೆ ಬಂದರೆ, ಮೊದಲ ಸಲಕ್ಕಿಂತ ಜೋರಾಗುವ ಸಾಧ್ಯತೆ ಇದೆ. ಹಳೆಯ ಕಾಯಿಲೆಯಿಂದ ಉಳಿದ ಪ್ರತಿಕಾಯಗಳು, ಅಂದರೆ ವೈರಸ್ಸಿನ ವಿರುದ್ಧ ಹೋರಾಡಲು ನಮ್ಮ ದೇಹವೇ ತಯಾರಿಸಿದ ಪ್ರೋಟೀನ್‌ಗಳು, ಹೊಸ ಬಗೆಯ ವೈರಸ್ಸಿಗೆ ಅಂಟಿಕೊಳ್ಳುತ್ತವೆ, ಅದನ್ನು ಕೊಲ್ಲಲು ಆಗುವುದಿಲ್ಲ. ನೆಂಟರ ಕೈ ಹಿಡಿದುಕೊಂಡು ಕರೆಯದವರೂ ಮದುವೆ ಮನೆಗೆ ನುಗ್ಗುವ ಹಾಗೆ, ಪ್ರತಿಕಾಯದ ಜೊತೆ ವೈರಸ್ಸೂ ನಮ್ಮ ಬಿಳಿ ರಕ್ತಕಣದೊಳಗೆ ಹೋಗಿ ಅಲ್ಲೇ ಬೆಳೆಯುತ್ತದೆ.

ಇದು ಗೊತ್ತಾದದ್ದೂ ಮಕ್ಕಳಿಂದಲೇ. 1960ರ ದಶಕದಲ್ಲಿ ಬ್ಯಾಂಕಾಕ್‌ನಲ್ಲಿ ಸ್ಕಾಟ್ ಹಾಲ್‌ಸ್ಟೆಡ್ ಎಂಬ ವೈದ್ಯರು ಡೆಂಗಿ ಮಕ್ಕಳನ್ನು ಗಮನಿಸುತ್ತಿದ್ದರು. ಎರಡನೇ ಸಲ ಡೆಂಗಿ ಬಂದ ಮಕ್ಕಳು ಜಾಸ್ತಿ ನರಳುತ್ತಿದ್ದರು. ಅವರ ಜೊತೆಗೆ, ವರ್ಷ ತುಂಬದ ಕೂಸುಗಳೂ ಮೊದಲ ಸಲವೇ ಹಾಗೆ ನರಳುತ್ತಿದ್ದವು. ಕೂಸಿಗೆ ಹಳೆಯ ಡೆಂಗಿ ಎಲ್ಲಿಂದ ಬರಬೇಕು? ತಾಯಿಗೆ ಬಂದಿತ್ತು. ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಕೂಸಿಗೆ ಸೇರಿದ್ದವು. ಮೊದಲ ಕೆಲವು ತಿಂಗಳು ಅವು ಕಾಯುತ್ತವೆ. ಆಮೇಲೆ ಕಮ್ಮಿಯಾಗುತ್ತಾ ಬಂದು, ಒಂದು ಹಂತದಲ್ಲಿ ವೈರಸ್ಸಿಗೇ ನೆರವಾಗುತ್ತವೆ.

ಈಗ ಲಸಿಕೆ ಮಾಡುವವರ ಕಷ್ಟ ನೋಡಿ. ನಾಲ್ಕೂ ಬಗೆಗೆ ಒಟ್ಟಿಗೆ ಗಟ್ಟಿ ರಕ್ಷಣೆ ಕೊಡಬೇಕು. ಅರೆಬರೆ ರಕ್ಷಣೆ ಕೊಟ್ಟರೆ ಲಸಿಕೆಯೇ ಮೊದಲ ಡೆಂಗಿಯ ಕೆಲಸ ಮಾಡಿಬಿಡಬಹುದು.

ಫಿಲಿಪ್ಪೀನ್ಸ್‌ನಲ್ಲಿ ಹಾಗೇ ಆಯಿತು. ಸನೋಫಿ ಕಂಪನಿಯ ಡೆಂಗ್‌ವ್ಯಾಕ್ಸಿಯಾ ಲಸಿಕೆಗೆ 2015ರ ಡಿಸೆಂಬರ್‌ನಲ್ಲಿ ಮೊದಲು ಮೆಕ್ಸಿಕೊ ಒಪ್ಪಿಗೆ ಕೊಟ್ಟಿತು. 2016ರಲ್ಲಿ ಫಿಲಿಪ್ಪೀನ್ಸ್ ಸರ್ಕಾರ ಶಾಲೆ ಮಕ್ಕಳಿಗೆ ಹಾಕಿಸಲು ಶುರು ಮಾಡಿತು. 8 ಲಕ್ಷಕ್ಕೂ ಹೆಚ್ಚು ಮಂದಿಗೆ ಹಾಕಿದರು. 2017ರ ನವೆಂಬರ್‌ನಲ್ಲಿ ಕಂಪನಿಯೇ ಹೇಳಿತು: ಮೊದಲು ಡೆಂಗಿ ಬಂದವರಿಗೆ ಈ ಲಸಿಕೆ ಒಳ್ಳೆಯದು, ಬಂದೇ ಇಲ್ಲದವರಿಗೆ ಹಾಕಿದರೆ ಮುಂದೆ ಡೆಂಗಿ ಜೋರಾಗುವ ಅಪಾಯ ಇದೆ.

ಪರೀಕ್ಷೆಯಲ್ಲೇ ಇದು ಯಾಕೆ ಕಾಣಲಿಲ್ಲ? ಪರೀಕ್ಷೆಗೆ ಸೇರಿದ ಎಲ್ಲ ಮಕ್ಕಳ ರಕ್ತವನ್ನು ಲಸಿಕೆಗೆ ಮೊದಲು ತೆಗೆದಿಟ್ಟಿರಲಿಲ್ಲ. ಕೆಲವರದ್ದು ಮಾತ್ರ ಇತ್ತು. ಹಾಗಾಗಿ ಯಾರಿಗೆ ಮೊದಲೇ ಡೆಂಗಿ ಬಂದಿತ್ತು ಎಂಬುದು ಸರಿಯಾಗಿ ತಿಳಿಯಲಿಲ್ಲ. ಮುಂದೆ ಹೊಸ ರಕ್ತಪರೀಕ್ಷೆಯ ವಿಧಾನ ಬಂದ ಮೇಲೆಯೇ ಬಿಡಿಸಿ ನೋಡಲು ಆಗಿದ್ದು. ಒಂದು ಸಿರಿಂಜ್ ರಕ್ತದ ಮಾತು ಇದು. ನನಗೆ ಇವತ್ತಿಗೂ ಸಂಕಟವಾಗುತ್ತದೆ.

ನಷ್ಟ ಅಲ್ಲಿಗೇ ನಿಲ್ಲಲಿಲ್ಲ. ಲಸಿಕೆ ಮುಖ್ಯ ಎಂದು ಬಲವಾಗಿ ಒಪ್ಪುವವರು ಆ ದೇಶದ ಸಮೀಕ್ಷೆಯಲ್ಲಿ 2015ರಲ್ಲಿ ಶೇ 93 ಇದ್ದರು. 2018ರಲ್ಲಿ ಶೇ 32ಕ್ಕೆ ಇಳಿದರು. 2019ರಲ್ಲಿ ಅಲ್ಲಿ ದಡಾರ ಹಬ್ಬಿತು, ಪೋಲಿಯೊ ಕೂಡ ಮತ್ತೆ ಕಾಣಿಸಿಕೊಂಡಿತು. ಆ ಎಲ್ಲದಕ್ಕೂ ಒಂದೇ ಕಾರಣ ಅನ್ನಲಾರೆ. ಆದರೆ ಒಂದು ಲಸಿಕೆಯ ಮೇಲೆ ಹೋದ ನಂಬಿಕೆ ಉಳಿದ ಲಸಿಕೆಗಳಿಗೂ ತಟ್ಟಿತು.

ಹಾಗಾಗಿ ಈಗಿನ ಕೆಲಸ ಎಚ್ಚರದಿಂದ ನಡೆಯುತ್ತಿದೆ. ಜಪಾನಿನ ಟಕೆಡಾ ಕಂಪನಿಯ ಕ್ಯೂಡೆಂಗಾ ಹಲವು ದೇಶಗಳಲ್ಲಿದೆ. ಮೂರು ತಿಂಗಳ ಅಂತರದಲ್ಲಿ ಎರಡು ಡೋಸ್. ಡೆಂಗಿ ತುಂಬಾ ಇರುವ ಕಡೆ 6ರಿಂದ 16 ವರ್ಷದ ಮಕ್ಕಳಿಗೆ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇನ್ನೊಂದು ಒಂದೇ ಡೋಸ್ ಲಸಿಕೆ. ಅದರ ಮೂಲ ವೈರಸ್ ತಳಿಗಳನ್ನು ರೂಪಿಸಿದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ. ಬ್ರೆಜಿಲ್‌ನ ಬುಟಾಂಟನ್ ಸಂಸ್ಥೆ 16 ಸಾವಿರಕ್ಕೂ ಹೆಚ್ಚು ಜನರಲ್ಲಿ ಅದನ್ನು ಪರೀಕ್ಷಿಸಿತು. ಎರಡು ವರ್ಷದಲ್ಲಿ ಶೇ 79.6 ರಕ್ಷಣೆ ಕಂಡಿತು.

ಹಾಗಾದರೆ ಅದನ್ನೇ ತಂದು ಇಲ್ಲಿ ಹಾಕಬಾರದೇ? ಆ ಎರಡು ವರ್ಷ ಅಲ್ಲಿ ಮೂರನೇ ಮತ್ತು ನಾಲ್ಕನೇ ಬಗೆಯ ಡೆಂಗಿ ಕಾಣಿಸಲೇ ಇಲ್ಲ. ಅವುಗಳ ವಿರುದ್ಧ ಲಸಿಕೆ ಎಷ್ಟು ಕೆಲಸ ಮಾಡುತ್ತದೆಂದು ಆ ಪರೀಕ್ಷೆ ಹೇಳಲಾರದು. ನಮ್ಮ ದೇಶದಲ್ಲಿ ನಾಲ್ಕೂ ಓಡಾಡುತ್ತಿವೆ. ಅದಕ್ಕೇ ಇಲ್ಲಿನ ಪರೀಕ್ಷೆ ಬೇಕು. ಅದೇ ತಳಿಗಳಿಂದ ನಮ್ಮ ದೇಶದ ಪನೇಸಿಯಾ ಬಯೋಟೆಕ್ ಕಂಪನಿ ತಯಾರಿಸಿದ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ಹರಿಯಾಣದ ರೋಹ್ಟಕ್‌ನಲ್ಲಿ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆ ಸೇರಿ ಮಾಡುತ್ತಿರುವುದು. 19 ಕೇಂದ್ರ, 10 ಸಾವಿರಕ್ಕೂ ಹೆಚ್ಚು ವಯಸ್ಕರು, ಪ್ರತಿಯೊಬ್ಬರ ಮೇಲೂ ಎರಡು ವರ್ಷ ನಿಗಾ. ಆ ಎರಡು ವರ್ಷವನ್ನು ಯಾರೂ ಕಮ್ಮಿ ಮಾಡಬಾರದು. ಎರಡನೇ ಸಲದ ಅಪಾಯ ಗೊತ್ತಾಗುವುದು ಕಾದು ನೋಡಿದಾಗಲೇ.

ನಮ್ಮ ಮಗ್ಗುಲಲ್ಲೇ ಇನ್ನೊಂದು ಕಥೆ ಇದೆ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಉಣುಗಿನಿಂದ ಹರಡುವುದು. ಅದರ ವೈರಸ್ಸೂ ಡೆಂಗಿಯ ಬಳಗದ್ದೇ. ಹಳೆಯ ಲಸಿಕೆಯ ಶಕ್ತಿ ಸಾಲದೆ 2022ರಲ್ಲಿ ನಿಲ್ಲಿಸಿದರು. ಹೊಸದಕ್ಕೆ ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಕೆಲಸ ಮಾಡುತ್ತಿವೆ. ಡೆಂಗಿಗೆ ಜಗತ್ತಿನ ತುಂಬ ಮಾರುಕಟ್ಟೆ ಇದೆ, ಕಂಪನಿಗಳು ತಾವಾಗಿ ಬರುತ್ತವೆ. ಮಲೆನಾಡಿನ ಕೂಲಿಯವರ ಕಾಯಿಲೆಗೆ ಸರ್ಕಾರವೇ ದುಡ್ಡು ಹಾಕಬೇಕು. ಇದನ್ನು ನಾವು ಜೋರಾಗಿಯೇ ಕೇಳಬೇಕು.

ಅಲ್ಲಿಯವರೆಗೆ ಡ್ರಮ್ಮು, ತೊಟ್ಟಿ ತೊಳೆಯುವ ಕೆಲಸ ತಪ್ಪುವುದಿಲ್ಲ. ನಲ್ಲಿ ನೀರು ದಿನಾ ಬರದ ಊರಿನಲ್ಲಿ ನೀರು ತುಂಬಿಡಬೇಡಿ ಅನ್ನುವುದು ಸರಿಯಲ್ಲ. ತುಂಬಿಡಿ, ಮುಚ್ಚಿಡಿ. ಖಾಲಿಯಾದಾಗ ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ, ಸುಮ್ನೆ ನೀರು ಚೆಲ್ಲಿದರೆ ಹೋಗುವುದಿಲ್ಲ.

ಮುಂದೆ ಲಸಿಕೆ ಬಂದಿತು ಎಂಬ ಸುದ್ದಿ ಓದಿದಾಗ ಎರಡು ಮಾತು ಕೇಳಿ. ಮೊದಲು ಡೆಂಗಿ ಬಂದೇ ಇಲ್ಲದವರಲ್ಲಿ ಇದರ ಫಲಿತಾಂಶ ಏನು? ನಾಲ್ಕು ಬಗೆಗಳಲ್ಲಿ ಯಾವುದಕ್ಕೆ ಎಷ್ಟು ರಕ್ಷಣೆ? ನಮ್ಮಲ್ಲಿನ ಪರೀಕ್ಷೆ ನಡೆಯುತ್ತಿರುವುದು ದೊಡ್ಡವರಲ್ಲಿ. ಅದು ಗೆದ್ದರೂ ಮಕ್ಕಳಲ್ಲಿ ಬೇರೆಯಾಗಿಯೇ ಪರೀಕ್ಷಿಸಬೇಕು. ನನ್ನ ವಾರ್ಡಿನ ತಾಯಂದಿರಿಗೆ ನಾನು ಕೊಡುವ ಉತ್ತರವೂ ಇಷ್ಟೇ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.