ಉಂಗುರ ಎಣಿಸುವ ಮೊದಲು ಆ 13 ಸೆಕೆಂಡ್ ನೋಡಿ

ಎಲ್ಲರಿಗೂ ನಮಸ್ಕಾರ.

2022ರ ಜನವರಿ 23, ಭಾನುವಾರ. ಕ್ಯಾನ್ಸಸ್ ಸಿಟಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಪ್ಲೇಆಫ್, ಅಂದರೆ ನಾಕ್‌ಔಟ್ ಆಟ. ಬಫಲೋ ಬಿಲ್ಸ್ ಒಂದು ಕಡೆ, ಕ್ಯಾನ್ಸಸ್ ಸಿಟಿ ಚೀಫ್ಸ್ ಇನ್ನೊಂದು ಕಡೆ. ಸೋತವರಿಗೆ ಆ ವರ್ಷದ ಆಟ ಅಲ್ಲಿಗೇ ಮುಗಿಯಿತು. ಗಡಿಯಾರದಲ್ಲಿ ಬರೀ 13 ಸೆಕೆಂಡ್ ಉಳಿದಿದೆ. ಬಿಲ್ಸ್ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವವನು, ಜೋಶ್ ಅಲೆನ್. ಅವನು ಆಗ ತಾನೇ ನಾಲ್ಕನೇ ಟಚ್‌ಡೌನ್ ಪಾಸ್ ಎಸೆದಿದ್ದಾನೆ. ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಪಾಯಿಂಟ್. ನಾಲ್ಕೂ ಗೇಬ್ ಡೇವಿಸ್ ಕೈಗೇ. ಸ್ಕೋರ್ 36-33. ಬಿಲ್ಸ್ ಮುಂದಿದೆ.

ನಮ್ಮ ಮನೆಯಲ್ಲಿ ಅವತ್ತು ಆರೇಳು ಜನ ಕನ್ನಡದವರು ಸೇರಿದ್ದೆವು. ಎಲ್ಲರೂ ಅಮೆರಿಕಕ್ಕೆ ಬಂದ ಮೇಲೆ ಈ ಆಟದ ಹುಚ್ಚು ಹತ್ತಿಸಿಕೊಂಡವರು. ಆ ಪಾಸ್ ಆದಾಗ ಒಬ್ಬರು ಎದ್ದು ಕೋಟು ಹಾಕಿಕೊಳ್ಳೋಕೆ ಶುರು ಮಾಡಿದರು. ಆಟ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡೆವು.

ಮುಗಿದಿರಲಿಲ್ಲ. ಚೀಫ್ಸ್‌ನ ಪ್ಯಾಟ್ರಿಕ್ ಮಹೋಮ್ಸ್ ಎರಡು ಪಾಸ್ ಎಸೆದ. ಒಂದು 19 ಯಾರ್ಡ್, ಇನ್ನೊಂದು 25 ಯಾರ್ಡ್. ಕಿಕರ್ ಹ್ಯಾರಿಸನ್ ಬಟ್ಕರ್ 49 ಯಾರ್ಡ್ ದೂರದಿಂದ ಚೆಂಡನ್ನು ಕಂಬಗಳ ನಡುವೆ ಒದ್ದ. ಇದು ಫೀಲ್ಡ್ ಗೋಲ್, ಮೂರು ಪಾಯಿಂಟ್. ಸ್ಕೋರ್ ಸಮ ಆಯಿತು. ಓವರ್‌ಟೈಮ್‌ಗೆ, ಅಂದರೆ ಹೆಚ್ಚುವರಿ ಸಮಯದ ಆಟಕ್ಕೆ, ಟಾಸ್ ಹಾಕಿದರು. ಅಲೆನ್ 'ಟೇಲ್ಸ್' ಅಂದ. ಬಿದ್ದಿದ್ದು ಹೆಡ್ಸ್. ಚೀಫ್ಸ್ ಮೊದಲು ಚೆಂಡು ತೆಗೆದುಕೊಂಡಿತು, ಟಚ್‌ಡೌನ್ ಹೊಡೆಯಿತು. ಆಗಿನ ನಿಯಮದ ಪ್ರಕಾರ ಆಟ ಅಲ್ಲಿಗೇ ಮುಕ್ತಾಯ. 42-36.

ಓವರ್‌ಟೈಮ್‌ನಲ್ಲಿ ಅಲೆನ್ ಚೆಂಡನ್ನು ಮುಟ್ಟಲೇ ಇಲ್ಲ. ಆ 13 ಸೆಕೆಂಡಿನಲ್ಲೂ ಅವನು ಮೈದಾನದಲ್ಲಿ ಇರಲಿಲ್ಲ. ಪಕ್ಕದಲ್ಲಿ ಕೂತು ನೋಡುತ್ತಿದ್ದ.

ಕೋಟು ಹಾಕಿಕೊಂಡು ನಿಂತಿದ್ದ ಗೆಳೆಯರು ಬಾಗಿಲ ಹತ್ತಿರ ಒಂದು ಮಾತು ಹೇಳಿದರು. "ಏನೇ ಹೇಳ್ರೀ, ದೊಡ್ಡ ಮ್ಯಾಚ್ ಗೆಲ್ಲೋದು ಇವನ ಕೈಲಿ ಆಗಲ್ಲ. ಉಂಗುರ ಎಲ್ಲಿದೆ?" ಆ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಅದಕ್ಕೇ ಈ ವಿಡಿಯೊ.

ಉಂಗುರ ಅಂದರೆ ಸೂಪರ್ ಬೌಲ್ ಗೆದ್ದ ತಂಡದವರಿಗೆ ಕೊಡುವ ಉಂಗುರ. ಸೂಪರ್ ಬೌಲ್ ಅಂದರೆ ಎನ್‌ಎಫ್‌ಎಲ್ ಅನ್ನುವ ಈ ಆಟದ ಲೀಗ್‌ನ ಫೈನಲ್. ಅಮೆರಿಕದಲ್ಲಿ ಕ್ವಾರ್ಟರ್‌ಬ್ಯಾಕ್ ಬಗ್ಗೆ ಎಲ್ಲಿ ವಾದ ಶುರುವಾದರೂ ಕೊನೆಗೆ ಇದಕ್ಕೇ ಬಂದು ನಿಲ್ಲುತ್ತದೆ. ಎಷ್ಟು ಉಂಗುರ? ಟಾಮ್ ಬ್ರೇಡಿ ಏಳು. ಮೊಂಟಾನಾ ನಾಲ್ಕು. ಮರಿನೊ ಸೊನ್ನೆ. ಮಾತು ಮುಗಿಯಿತು.

ನನ್ನ ಮಟ್ಟಿಗೆ ಮುಗಿಯುವುದಿಲ್ಲ. ಉಂಗುರ ತಂಡದ ಲೆಕ್ಕ. ಒಬ್ಬ ಆಟಗಾರನನ್ನು ಅಳೆಯಬೇಕು ಅಂದರೆ ಚೆಂಡು ಅವನ ಕೈಯಲ್ಲಿ ಇದ್ದಷ್ಟು ಹೊತ್ತು ಅವನು ಏನು ಮಾಡಿದ ಅನ್ನುವುದನ್ನು ನೋಡಬೇಕು. ಅದಕ್ಕೆ ಅಂಕಿ ಅಂಶಗಳೇ ಹತ್ತಿರ. ಪೂರ್ತಿ ಅಲ್ಲ, ಆದರೆ ಹತ್ತಿರ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲಿ ಒಂದು ವಿಷಯ ಸುಲಭಕ್ಕೆ ಹೊಳೆಯುವುದಿಲ್ಲ. ಕ್ರಿಕೆಟ್‌ನಲ್ಲಿ ಸೊನ್ನೆಗೆ ಔಟಾದ ಬ್ಯಾಟ್ಸ್‌ಮನ್ ಕೂಡ ಆಮೇಲೆ ಫೀಲ್ಡಿಂಗ್‌ಗೆ ಇಳಿಯುತ್ತಾನೆ. ಒಂದು ರನ್ ಔಟ್ ಮಾಡಿ ಪಂದ್ಯ ಗೆಲ್ಲಿಸಬಹುದು. ಇಲ್ಲಿ ಹಾಗಿಲ್ಲ. ದಾಳಿಗೆ ಹನ್ನೊಂದು ಜನ, ಡಿಫೆನ್ಸ್‌ಗೆ ಬೇರೆ ಹನ್ನೊಂದು ಜನ, ಕಿಕ್ ಮಾಡುವುದಕ್ಕೆ ಮತ್ತೂ ಬೇರೆಯವರು. ಎದುರಾಳಿ ಕೈಗೆ ಚೆಂಡು ಹೋದರೆ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ ತೆಗೆದು ಬೆಂಚಿಗೆ ಬರುತ್ತಾನೆ. ಆಟದ ಹೆಚ್ಚುಕಮ್ಮಿ ಅರ್ಧ ಹೊತ್ತು ಅವನೂ ನಮ್ಮ ಹಾಗೆ ಪ್ರೇಕ್ಷಕನೇ.

ಆ ಟಾಸ್ ವಿಚಾರ ಇನ್ನೊಂದು ಸ್ವಲ್ಪ ಹೇಳಬೇಕು. ಯಾಕೆಂದರೆ ಅದು ಅವತ್ತು ಒಂದು ದಿನದ ಕಥೆ ಅಲ್ಲ. 2017ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ 28-3ರಿಂದ ಮುಂದಿತ್ತು. ಬ್ರೇಡಿಯ ಪೇಟ್ರಿಯಟ್ಸ್ ಅದನ್ನು ಸಮ ಮಾಡಿತು. ಓವರ್‌ಟೈಮ್ ಟಾಸ್ ಪೇಟ್ರಿಯಟ್ಸ್ ಪಾಲಾಯಿತು. ಟಚ್‌ಡೌನ್ ಹೊಡೆದರು, ಗೆದ್ದರು. ಫಾಲ್ಕನ್ಸ್‌ನ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್ ಆ ಸೀಸನ್‌ನ ಎಂವಿಪಿ, ಅಂದರೆ ಇಡೀ ಲೀಗ್‌ನ ಅತ್ಯುತ್ತಮ ಆಟಗಾರ. ಓವರ್‌ಟೈಮ್‌ನಲ್ಲಿ ಚೆಂಡು ಮುಟ್ಟಲಿಲ್ಲ. 2019ರ ಜನವರಿಯಲ್ಲಿ ಮತ್ತೆ ಅದೇ. ಪೇಟ್ರಿಯಟ್ಸ್ ಟಾಸ್ ಗೆದ್ದಿತು, ಟಚ್‌ಡೌನ್ ಹೊಡೆಯಿತು, 37-31. ಅವತ್ತು ಬೆಂಚಿನಲ್ಲಿ ಕೂತು ನೋಡಿದವನು ಯಾರು ಗೊತ್ತಾ? ಇದೇ ಮಹೋಮ್ಸ್. ಮೂರು ವರ್ಷ ಆದಮೇಲೆ ಅದೇ ನಿಯಮ ಅವನಿಗೆ ಅನುಕೂಲವಾಯಿತು.

ಆ ಓವರ್‌ಟೈಮ್‌ಗಳಲ್ಲಿ ಬ್ರೇಡಿ ಚೆನ್ನಾಗಿ ಆಡಲಿಲ್ಲ ಅಂತ ನಾನು ಹೇಳುತ್ತಿಲ್ಲ. ಅದ್ಭುತವಾಗಿ ಆಡಿದ. ಆದರೆ ರಯಾನ್ ಆಡಿ ಸೋಲಲಿಲ್ಲ. ಅವನಿಗೆ ಆಡುವ ಅವಕಾಶವೇ ಸಿಗಲಿಲ್ಲ. ಇವೆರಡೂ ಒಂದೇ ಅಲ್ಲ, ಅಲ್ವಾ? ಬಿಲ್ಸ್ ಆಟ ಆಗಿ ಎರಡೇ ತಿಂಗಳಿಗೆ, 2022ರ ಮಾರ್ಚ್‌ನಲ್ಲಿ, ಎನ್‌ಎಫ್‌ಎಲ್ ತನ್ನ ನಿಯಮ ಬದಲಾಯಿಸಿತು. ಪ್ಲೇಆಫ್ ಓವರ್‌ಟೈಮ್‌ನಲ್ಲಿ ಇನ್ನು ಎರಡೂ ತಂಡಕ್ಕೆ ಒಂದೊಂದು ಸಲ ಚೆಂಡು ಸಿಗಲೇಬೇಕು. ಹಳೆಯ ನಿಯಮ ಸರಿ ಇಲ್ಲ ಅಂತ ಲೀಗ್‌ಗೇ ಅನ್ನಿಸಿತು. ಆದರೆ ಆ ನಿಯಮದಲ್ಲಿ ಬಂದ ಉಂಗುರವನ್ನು ನಾವು ಮಾತ್ರ ಇವತ್ತಿಗೂ ಒಬ್ಬ ಮನುಷ್ಯನ ತಾಕತ್ತಿನ ಲೆಕ್ಕಕ್ಕೆ ಹಾಕುತ್ತೇವೆ.

ಈಗ ಬ್ರೇಡಿ ಮಾತಿಗೇ ಬರೋಣ. ಉಂಗುರದ ವಾದ ಮಾಡುವವರೆಲ್ಲ ಮೊದಲು ಎತ್ತುವುದೇ ಅವನ ಹೆಸರು.

2002ರ ಫೆಬ್ರವರಿ. ಬ್ರೇಡಿಯ ಮೊದಲ ಸೂಪರ್ ಬೌಲ್. ರಾಮ್ಸ್ ಮೇಲೆ 20-17 ಗೆಲುವು. ಅವನು ಎಸೆದಿದ್ದು ಒಟ್ಟು 145 ಯಾರ್ಡ್. ಕೊನೆಯಲ್ಲಿ ಆಡಮ್ ವಿನಟೇರಿ 48 ಯಾರ್ಡ್ ಫೀಲ್ಡ್ ಗೋಲ್ ಹೊಡೆದ. ಉಂಗುರ ಬಂತು.

2018ರ ಫೆಬ್ರವರಿ, ಮಿನಿಯಾಪೊಲಿಸ್. ಈಗಲ್ಸ್ ಎದುರು ಬ್ರೇಡಿ 505 ಯಾರ್ಡ್ ಎಸೆದ. ಸೂಪರ್ ಬೌಲ್ ಇತಿಹಾಸದಲ್ಲಿ ಯಾರೂ ಅಷ್ಟು ಎಸೆದಿರಲಿಲ್ಲ. ಮೂರು ಟಚ್‌ಡೌನ್, ಒಂದೂ ಇಂಟರ್‌ಸೆಪ್ಶನ್ ಇಲ್ಲ, ಅಂದರೆ ಒಂದು ಪಾಸೂ ಎದುರಾಳಿ ಕೈಗೆ ಸಿಗಲಿಲ್ಲ. ಅವನ ತಂಡ ಇಡೀ ಆಟದಲ್ಲಿ ಒಂದು ಸಲವೂ ಪಂಟ್ ಮಾಡಲಿಲ್ಲ, ಅಂದರೆ ಮುಂದೆ ಹೋಗಲಾಗದೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡಲಿಲ್ಲ. ಆದರೂ 41-33ರಿಂದ ಸೋತರು. ಕೊನೆಯಲ್ಲಿ ಬ್ರ್ಯಾಂಡನ್ ಗ್ರಹಾಂ ಅವನ ಕೈಯಿಂದ ಚೆಂಡು ಕಿತ್ತುಬಿಟ್ಟ, ಅದು ನಿಜ. ಅದು ಬ್ರೇಡಿ ಲೆಕ್ಕಕ್ಕೇ ಸೇರಲಿ. ಆದರೆ 41 ಪಾಯಿಂಟ್ ಬಿಟ್ಟುಕೊಟ್ಟಿದ್ದು ಡಿಫೆನ್ಸ್.

ಉಂಗುರ ಎಣಿಸಿದರೆ ಆ 145ರ ರಾತ್ರಿ ದೊಡ್ಡದು. ಈ 505ರ ರಾತ್ರಿಗೆ ಬೆಲೆಯೇ ಇಲ್ಲ. ಇದನ್ನು ಒಪ್ಪುವುದು ಹೇಗೆ ಹೇಳಿ? ಎರಡೂ ಸಲ ಆಡಿದವನು ಒಬ್ಬನೇ. ಅವನನ್ನು ಅವನ ಜೊತೆಗೇ ಹೋಲಿಸುವಾಗಲೂ ಉಂಗುರ ತಪ್ಪು ಹೇಳುತ್ತದೆ.

ಇಲ್ಲಿ ನನ್ನ ವಾದದ ವಿರುದ್ಧವಾದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಆ 145 ಅನ್ನುವ ಅಂಕಿಯೂ ಪೂರ್ತಿ ಕಥೆ ಹೇಳುವುದಿಲ್ಲ. ಆಟ 17-17 ಆಗಿತ್ತು. ಒಂದೂವರೆ ನಿಮಿಷಕ್ಕಿಂತ ಕಮ್ಮಿ ಸಮಯ. ಟೈಮ್‌ಔಟ್ ಒಂದೂ ಉಳಿದಿಲ್ಲ. ಟಿವಿಯಲ್ಲಿ ಜಾನ್ ಮ್ಯಾಡನ್ ಹೇಳುತ್ತಿದ್ದರು, ಸುಮ್ಮನೆ ಸಮಯ ಕಳೆದು ಓವರ್‌ಟೈಮ್‌ಗೆ ಹೋಗಬೇಕು ಅಂತ. 24 ವರ್ಷದ ಹುಡುಗ ಒಂದೊಂದೇ ಚಿಕ್ಕ ಪಾಸ್ ಎಸೆಯುತ್ತಾ ತಂಡವನ್ನು ಮುಂದಕ್ಕೆ ತಂದ. ಆ ಡ್ರೈವ್ ನನಗೆ ಬಹಳ ಇಷ್ಟ. ಇವತ್ತು ನೋಡಿದರೂ ಮೈ ಜುಮ್ ಅನ್ನುತ್ತದೆ. ಆದರೆ ಗಮನಿಸಿ, ಆಗ ಚೆಂಡು ಅವನ ಕೈಯಲ್ಲಿತ್ತು. ವಿನಟೇರಿಯ ಕಿಕ್ ಕಂಬದ ಹೊರಗೆ ಹೋಗಿ ತಪ್ಪಿದ್ದರೂ ಆ ಡ್ರೈವ್ ಅಷ್ಟೇ ಚೆನ್ನಾಗಿರುತ್ತಿತ್ತು.

ಟ್ರೆಂಟ್ ಡಿಲ್ಫರ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2001ರ ಜನವರಿಯಲ್ಲಿ ಬಾಲ್ಟಿಮೋರ್ ರೇವನ್ಸ್ ಜೊತೆ ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್ ಅವನು. ಆ ಸೀಸನ್‌ನ 16 ಆಟದಲ್ಲಿ ರೇವನ್ಸ್ ಡಿಫೆನ್ಸ್ ಬಿಟ್ಟುಕೊಟ್ಟಿದ್ದು ಬರೀ 165 ಪಾಯಿಂಟ್. ಗೆದ್ದ ಮೇಲೆ ರೇವನ್ಸ್ ಏನು ಮಾಡಿತು? ಡಿಲ್ಫರ್‌ನನ್ನು ಬಿಟ್ಟು ಬೇರೆ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತು. ದಿನಾ ಅವನ ಆಟ ನೋಡಿದವರು, ಅವನಿಗೆ ಸಂಬಳ ಕೊಡುವವರು, ಅವರೇ ಉಂಗುರ ನೋಡಿ ತೀರ್ಮಾನ ಮಾಡಲಿಲ್ಲ.

ಅಂಕಿ ಅಂಶವನ್ನು ಕಣ್ಣು ಮುಚ್ಚಿ ನಂಬಬೇಕಾ? ಬೇಡ. ಒಟ್ಟು ಯಾರ್ಡ್, ಒಟ್ಟು ಟಚ್‌ಡೌನ್ ನೋಡುವವರೂ ತಪ್ಪು ಮಾಡುತ್ತಾರೆ. ಜಾಸ್ತಿ ವರ್ಷ ಆಡಿದವನ ಒಟ್ಟು ಜಾಸ್ತಿಯೇ ಇರುತ್ತದೆ. 1978ರಲ್ಲಿ ನಿಯಮ ಬದಲಾಯಿತು. ಐದು ಯಾರ್ಡ್ ದಾಟಿದ ಮೇಲೆ ಪಾಸ್ ಹಿಡಿಯುವ ರಿಸೀವರ್‌ನನ್ನು ತಳ್ಳುವ ಹಾಗಿಲ್ಲ ಅಂದರು, ಪಾಸ್ ಎಸೆಯುವುದು ಸುಲಭವಾಯಿತು. ಅದೇ ವರ್ಷ ಸೀಸನ್ 14ರಿಂದ 16 ಆಟಕ್ಕೆ ಏರಿತು, 2021ರಲ್ಲಿ 17 ಆಯಿತು. ಹಳೆಯ ಕಾಲದವರ ಪಕ್ಕ ಇವತ್ತಿನವರ ಅಂಕಿ ಇಟ್ಟರೆ ಅನ್ಯಾಯ.

ಅದಕ್ಕೇ ಆ ಕಾಲದಲ್ಲಿ ಅವನು ಉಳಿದವರಿಗಿಂತ ಎಷ್ಟು ಮುಂದಿದ್ದ ಅಂತ ನೋಡಬೇಕು. ಡ್ಯಾನ್ ಮರಿನೊ 1984ರಲ್ಲಿ 5,084 ಯಾರ್ಡ್, 48 ಟಚ್‌ಡೌನ್ ಎಸೆದ. ಅದಕ್ಕೂ ಮೊದಲು ಯಾರೂ 5,000 ಮುಟ್ಟಿರಲಿಲ್ಲ. ಆಮೇಲೆ ಮುಟ್ಟಿದ್ದು ಯಾವಾಗ? 2008ರಲ್ಲಿ, ಡ್ರೂ ಬ್ರೀಸ್. 24 ವರ್ಷ ಬೇಕಾಯಿತು. 1984ರ ಸೀಸನ್‌ನ ಸೂಪರ್ ಬೌಲ್‌ನಲ್ಲಿ ಮರಿನೊ ಸೋತ, ಮತ್ತೆಂದೂ ಅಲ್ಲಿಗೆ ಹೋಗಲಿಲ್ಲ. ಅವನು ಆಡಿದ 17 ವರ್ಷದಲ್ಲಿ ಅವನ ತಂಡ ಮಯಾಮಿಯಲ್ಲಿ ಚೆಂಡು ಹಿಡಿದು ಓಡುವ ಒಬ್ಬ ಓಟಗಾರ ಸೀಸನ್‌ಗೆ 1,000 ಯಾರ್ಡ್ ಓಡಿದ್ದು ಒಂದೇ ಒಂದು ಸಲ. ಇಂಥವನ ಹೆಸರಿನ ಮುಂದೆ ಸುಮ್ನೆ ಸೊನ್ನೆ ಬರೆದು ಮುಂದೆ ಹೋಗುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ.

ಪಾಸ್ ಎಸೆತಕ್ಕೆ ಅಂಕ ಕೊಡುವ ಪಾಸರ್ ರೇಟಿಂಗ್ ಅಂತ ಇನ್ನೊಂದು ಲೆಕ್ಕ ಇದೆ. ಎನ್‌ಎಫ್‌ಎಲ್ 1973ರಲ್ಲಿ ತಂದಿದ್ದು. ಪೂರ್ತಿ ಅಂಕ ಅಂದರೆ 158.3. ವಿಚಿತ್ರ ಅಂಕಿ, ಆದರೆ ಹಾಗೇ ಇದೆ. ಇದರಲ್ಲಿ ಕ್ವಾರ್ಟರ್‌ಬ್ಯಾಕ್ ಓಡಿ ಗಳಿಸಿದ್ದು ಸೇರುವುದಿಲ್ಲ, ಎದುರಾಳಿ ಅವನನ್ನು ಕೆಡವಿ ಹಾಕಿದ್ದೂ ಸೇರುವುದಿಲ್ಲ. ಅಲೆನ್ ಥರ ಓಡುವವನಿಗೆ ಇದು ಸಾಲದು. ನನಗೆ ಹೆಚ್ಚು ಸರಿ ಅನ್ನಿಸುವುದು ಒಂದೊಂದು ಪ್ಲೇಯನ್ನೂ ಬೇರೆ ಬೇರೆ ನೋಡುವ ಲೆಕ್ಕ. ಈ ಪ್ಲೇ ಶುರುವಾಗುವ ಮೊದಲು ತಂಡ ಎಷ್ಟು ಪಾಯಿಂಟ್ ನಿರೀಕ್ಷಿಸಬಹುದಿತ್ತು, ಆದಮೇಲೆ ಎಷ್ಟು? ಅಷ್ಟೇ. ಹತ್ತು ಯಾರ್ಡ್ ಮುಂದೆ ಹೋಗಲು ತಂಡಕ್ಕೆ ನಾಲ್ಕು ಪ್ರಯತ್ನ, ಅಂದರೆ ನಾಲ್ಕು ಡೌನ್ ಸಿಗುತ್ತದೆ. ಮೂರನೇ ಡೌನ್‌ಗೆ ಎಂಟು ಯಾರ್ಡ್ ಬೇಕಿದ್ದಾಗ ಆರು ಯಾರ್ಡ್ ಎಸೆದರೆ ಅದಕ್ಕೆ ಹೆಚ್ಚು ಬೆಲೆ ಇಲ್ಲ. ಒಂದು ಯಾರ್ಡ್ ಬೇಕಿದ್ದಾಗ ಎರಡು ಗಳಿಸಿದರೆ ಬೆಲೆ ಇದೆ. ಈ ಯೋಚನೆಯನ್ನು 1971ರಲ್ಲೇ ಮೊದಲು ಬರೆದು ಪ್ರಕಟಿಸಿದ ಇಬ್ಬರಲ್ಲಿ ಒಬ್ಬ ವರ್ಜಿಲ್ ಕಾರ್ಟರ್. ಅವನು ಸಿನ್ಸಿನಾಟಿ ಬೆಂಗಾಲ್ಸ್‌ನ ಕ್ವಾರ್ಟರ್‌ಬ್ಯಾಕ್! ಅಂಕಿ ಅಂಶ ಅನ್ನುವುದು ಮೈದಾನಕ್ಕೆ ಇಳಿಯದವರ ಆಟ ಅಂತ ಯಾರಾದರೂ ಅಂದರೆ ನಾನು ಅವನ ಹೆಸರು ಹೇಳುತ್ತೇನೆ.

"ಒತ್ತಡದಲ್ಲಿ ಆಡುವುದೇ ಬೇರೆ, ಅದು ನಿಮ್ಮ ಲೆಕ್ಕಕ್ಕೆ ಸಿಗಲ್ಲ" ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಒತ್ತಡ ನಿಜ. ಹಾಗಾದರೆ ಒತ್ತಡದ ಆಟವನ್ನೇ ನೋಡೋಣ. ಜೋ ಮೊಂಟಾನಾ ನಾಲ್ಕು ಸೂಪರ್ ಬೌಲ್‌ನಲ್ಲಿ 122 ಪಾಸ್ ಎಸೆದ. 11 ಟಚ್‌ಡೌನ್. ಇಂಟರ್‌ಸೆಪ್ಶನ್ ಸೊನ್ನೆ. ನಾಲ್ಕು ಉಂಗುರ ಅಂದಾಗ ಗೊತ್ತಾಗುವುದಕ್ಕಿಂತ ಅವನ ಗಟ್ಟಿ ಮನಸ್ಸು ಆ ಸೊನ್ನೆಯಲ್ಲಿ ಗೊತ್ತಾಗುತ್ತದೆ. ಇನ್ನು ಅಲೆನ್. ಕ್ಯಾನ್ಸಸ್ ಸಿಟಿಗೆ ಬರುವ ಹಿಂದಿನ ವಾರ ಪೇಟ್ರಿಯಟ್ಸ್ ಮೇಲೆ ಐದು ಟಚ್‌ಡೌನ್ ಎಸೆದಿದ್ದ. ಎರಡು ಪ್ಲೇಆಫ್ ಆಟ ಸೇರಿ ಒಂಬತ್ತು ಟಚ್‌ಡೌನ್, ಒಂದೂ ಇಂಟರ್‌ಸೆಪ್ಶನ್ ಇಲ್ಲ. "ಇವನ ಕೈಲಿ ಆಗಲ್ಲ" ಅಂದಿದ್ದು ಇವನಿಗೆ.

ಆ ವರ್ಷದ ಉಂಗುರ ಹೋಗಿದ್ದು ಮ್ಯಾಥ್ಯೂ ಸ್ಟಾಫರ್ಡ್‌ಗೆ. ಅವನ ಕಥೆ ಕೇಳಿ. ಡೆಟ್ರಾಯ್ಟ್ ಲಯನ್ಸ್‌ನಲ್ಲಿ 12 ವರ್ಷ ಆಡಿದ. ಒಂದೂ ಪ್ಲೇಆಫ್ ಗೆಲುವಿಲ್ಲ. 2011ರಲ್ಲಿ ಡೆಟ್ರಾಯ್ಟ್‌ನಲ್ಲಿ ಅವನು ಎಸೆದಿದ್ದು 41 ಟಚ್‌ಡೌನ್, 16 ಇಂಟರ್‌ಸೆಪ್ಶನ್. 2021ರ ಸೀಸನ್‌ಗೆ ಲಾಸ್ ಏಂಜಲೀಸ್ ರಾಮ್ಸ್ ಸೇರಿದ. ಅಲ್ಲಿ 41 ಟಚ್‌ಡೌನ್, 17 ಇಂಟರ್‌ಸೆಪ್ಶನ್. ಹತ್ತು ವರ್ಷದ ಅಂತರದಲ್ಲಿ ಹೆಚ್ಚುಕಮ್ಮಿ ಅದೇ ಆಟ. ಒಂದು ಸಲ ಮೊದಲ ಪ್ಲೇಆಫ್ ಆಟದಲ್ಲೇ ಸೋತು ಮನೆಗೆ, ಇನ್ನೊಂದು ಸಲ ಸೂಪರ್ ಬೌಲ್. ಈ ಸಲ ಅವನ ಡಿಫೆನ್ಸ್‌ನಲ್ಲಿ ಆರನ್ ಡೊನಾಲ್ಡ್ ಇದ್ದ, ಪಾಸ್ ಹಿಡಿಯಲು ಕೂಪರ್ ಕಪ್ ಇದ್ದ. ಸೂಪರ್ ಬೌಲ್‌ಗೆ ಹೋಗುವ ಹಿಂದಿನ ಆಟದಲ್ಲಿ ಸ್ಟಾಫರ್ಡ್ ಒಂದು ಪಾಸ್ ತಪ್ಪಾಗಿ ಎಸೆದ. 49ರ್ಸ್‌ನ ಜಕ್ವಿಸ್ಕಿ ಟಾರ್ಟ್ ಕೈಗೆ ನೇರವಾಗಿ ಬಂದ ಚೆಂಡು ಅದು. ಜಾರಿತು. ರಾಮ್ಸ್ 20-17ಕ್ಕೆ ಗೆದ್ದಿತು. ಟಾರ್ಟ್ ಅದನ್ನು ಹಿಡಿದಿದ್ದರೆ ಸ್ಟಾಫರ್ಡ್ ಇವತ್ತಿಗಿಂತ ಕೆಟ್ಟ ಆಟಗಾರ ಆಗಿಬಿಡುತ್ತಿದ್ದನಾ?

ಸರಿ, ಹಾಗಾದರೆ ಎಲ್ಲರಿಗಿಂತ ದೊಡ್ಡವನು ಯಾರು ಅಂತ ಕೇಳುತ್ತೀರಿ. ನನ್ನ ಉತ್ತರವೂ ಬ್ರೇಡಿಯೇ. ಏಳು ಉಂಗುರಕ್ಕಾಗಿ ಅಲ್ಲ. 2007ರಲ್ಲಿ 50 ಟಚ್‌ಡೌನ್ ಎಸೆದಿದ್ದಕ್ಕೆ. 44ನೇ ವಯಸ್ಸಿನಲ್ಲಿ, 2021ರ ಸೀಸನ್‌ನಲ್ಲಿ, 5,316 ಯಾರ್ಡ್ ಎಸೆದು ಇಡೀ ಲೀಗ್‌ನಲ್ಲಿ ಮೊದಲು ನಿಂತಿದ್ದಕ್ಕೆ. ಈ ಎರಡೂ ವರ್ಷ ಅವನಿಗೆ ಉಂಗುರ ಬರಲಿಲ್ಲ.

ಆ 2021ರ ಸೀಸನ್ ಅವನಿಗೆ ಹೇಗೆ ಮುಗಿಯಿತು ಗೊತ್ತಾ? 2022ರ ಜನವರಿ 23. ಅದೇ ಭಾನುವಾರ. ಅಲೆನ್ ಆಟ ಶುರುವಾಗುವ ಮೊದಲು, ಮಧ್ಯಾಹ್ನ, ಟ್ಯಾಂಪಾದಲ್ಲಿ. ಬ್ರೇಡಿಯ ಬಕನಿಯರ್ಸ್ 27-3ರಿಂದ ಹಿಂದಿತ್ತು. ಅಲ್ಲಿಂದ ಎದ್ದು ಬಂದು 27-27 ಮಾಡಿದರು. ಉಳಿದಿದ್ದು 42 ಸೆಕೆಂಡ್. ಎದುರಿಗೆ ಸ್ಟಾಫರ್ಡ್. ಅವನು ಕಪ್‌ಗೆ 44 ಯಾರ್ಡ್ ಪಾಸ್ ಎಸೆದ, ಕಿಕರ್ ಮ್ಯಾಟ್ ಗೇ ಚೆಂಡು ಒದ್ದ, 30-27. ಆ 42 ಸೆಕೆಂಡೂ ಬ್ರೇಡಿ ಮೈದಾನದ ಹೊರಗೇ ಇದ್ದ. ಕೆಲವು ಗಂಟೆ ಆದಮೇಲೆ ಕ್ಯಾನ್ಸಸ್ ಸಿಟಿಯಲ್ಲಿ ಅಲೆನ್ ಕೂಡ ಹಾಗೇ ಹೊರಗೆ ಕೂತ. ಒಬ್ಬನ ಹತ್ತಿರ ಏಳು ಉಂಗುರ ಇತ್ತು, ಇನ್ನೊಬ್ಬನ ಹತ್ತಿರ ಒಂದೂ ಇರಲಿಲ್ಲ. ಇಬ್ಬರ ಕೈಯಲ್ಲೂ ಚೆಂಡು ಇರಲಿಲ್ಲ.