ಲಾರೆಟ್ ಟೇಲರ್: ರಂಗದ ಮೇಲೆ ಕಿವಿಗೊಟ್ಟವರು

ಕೇಳುಗರೇ, ನಮಸ್ಕಾರ. ಅಮೆರಿಕದ ರಂಗನಟಿ ಲಾರೆಟ್ ಟೇಲರ್ ಅವರ ಹೆಸರು ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲ. ಸಿನಿಮಾ ಮಾಡಿದ್ದೇ ಕಡಿಮೆ, ಅದೂ ಮೂಕಿ ಚಿತ್ರಗಳು. ಆದರೆ ಅವರನ್ನು ರಂಗದ ಮೇಲೆ ನೋಡಿದ ಎಷ್ಟೋ ಕಲಾವಿದರು ಅಂಥ ಅಭಿನಯ ಮತ್ತೆ ಕಾಣಲಿಲ್ಲ ಅಂತ ಕೊನೆವರೆಗೂ ಹೇಳಿದರು.

ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ, 1880ರ ದಶಕದಲ್ಲಿ. 1912ರಲ್ಲಿ 'ಪೆಗ್ ಓ ಮೈ ಹಾರ್ಟ್' ನಾಟಕದ ಐರಿಶ್ ಹುಡುಗಿಯಾಗಿ ಮನೆಮಾತಾದರು. ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ಬಡಾವಣೆಯಾದ ಬ್ರಾಡ್‌ವೇಯಲ್ಲಿ ಅದು 600ಕ್ಕೂ ಜಾಸ್ತಿ ಪ್ರದರ್ಶನ ಕಂಡಿತು. ಬರೆದವರು ಹಾರ್ಟ್‌ಲಿ ಮ್ಯಾನರ್ಸ್. ಲಾರೆಟ್ ಅವರನ್ನೇ ಮದುವೆಯಾದರು. 1928ರಲ್ಲಿ ಮ್ಯಾನರ್ಸ್ ತೀರಿಕೊಂಡರು. ಆಮೇಲೆ ಲಾರೆಟ್ ಕುಡಿತಕ್ಕೆ ಬಿದ್ದರು. ವರ್ಷಗಟ್ಟಲೆ ರಂಗಕ್ಕೆ ಬಂದದ್ದೇ ಅಪರೂಪ. ಇನ್ನು ಇವರ ಕಥೆ ಮುಗಿಯಿತು ಅಂದವರೇ ಹೆಚ್ಚು.

1944ರ ಡಿಸೆಂಬರ್. ಷಿಕಾಗೋದ ಕೊರೆಯುವ ಚಳಿ. ಆಗಿನ್ನೂ ಹೆಸರು ಮಾಡಿರದ ಟೆನೆಸ್ಸೀ ವಿಲಿಯಮ್ಸ್ ಬರೆದ 'ದಿ ಗ್ಲಾಸ್ ಮೆನಾಜೆರಿ'. ಲಾರೆಟ್‌ಗೆ ತಾಯಿ ಅಮಾಂಡಾಳ ಪಾತ್ರ. ಗಂಡ ಬಿಟ್ಟುಹೋಗಿದ್ದಾನೆ, ಮಗಳಿಗೆ ಕಾಲು ಊನ. ಅಮಾಂಡಾ ಫೋನಿನಲ್ಲಿ ಪತ್ರಿಕೆಗೆ ಚಂದಾ ಹಿಡಿಯುತ್ತಾಳೆ, ಕಳೆದುಹೋದ ವೈಭವ ನೆನೆಯುತ್ತಾಳೆ. ಮೊದಮೊದಲು ಜನ ಬರಲಿಲ್ಲ. ವಿಮರ್ಶಕಿ ಕ್ಲಾಡಿಯಾ ಕ್ಯಾಸಿಡಿ ಬಿಡದೆ ಅದರ ಬಗ್ಗೆ ಬರೆದರು. ನಾಟಕ ಉಳಿಯಿತು.

1945ರ ಮಾರ್ಚ್ 31, ಅದೇ ನಾಟಕಕ್ಕೆ ನ್ಯೂಯಾರ್ಕ್‌ನ ಮೊದಲ ರಾತ್ರಿ. ಲಾರೆಟ್‌ಗೆ ಮೈ ತೀರಾ ಹುಷಾರಿರಲಿಲ್ಲ. ಪರದೆಯ ಪಕ್ಕ ಒಂದು ಬಕೆಟ್ ಇಟ್ಟಿದ್ದರು. ರಂಗದಿಂದ ಈಚೆ ಬಂದಾಗಲೆಲ್ಲ ಅದರಲ್ಲಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಮತ್ತೆ ಒಳಗೆ ಹೋಗುತ್ತಿದ್ದರು. ನೋಡುತ್ತಿದ್ದ ಜನಕ್ಕೆ ಇದರ ಸುಳಿವೇ ಸಿಗಲಿಲ್ಲ!

ಅಂಥದ್ದೇನು ಮಾಡುತ್ತಿದ್ದರು ಅವರು? ಕೇಳಿಸಿಕೊಳ್ಳುತ್ತಿದ್ದರು. ಎದುರಿನವರು ಮಾತಾಡುವಾಗ ತಮ್ಮ ಸರದಿಗೆ ಸುಮ್ನೆ ಕಾಯುತ್ತಿರಲಿಲ್ಲ. ನೂರನೇ ಸಲ ಕೇಳುವ ಮಾತನ್ನೂ ಆಗಷ್ಟೇ ಕಿವಿಗೆ ಬಿದ್ದಂತೆ ಕೇಳುತ್ತಿದ್ದರು. ಉತ್ತರ ಅಲ್ಲೇ ಹುಟ್ಟುತ್ತಿತ್ತು. ನಟನೆಯಲ್ಲಿ ತೀರಾ ಕಷ್ಟದ ಕೆಲಸ ಅದೇ ಅಲ್ವಾ? ದೊಡ್ಡ ದನಿ, ದೊಡ್ಡ ಹಾವಭಾವದ ಕಾಲದಲ್ಲಿ ಅವರು ಹೀಗೆ ನಟಿಸಿದ್ದು ನನಗಂತೂ ತುಂಬಾ ದೊಡ್ಡದಾಗಿ ಕಾಣುತ್ತದೆ.

1946ರ ಡಿಸೆಂಬರ್‌ನಲ್ಲಿ ಲಾರೆಟ್ ತೀರಿಕೊಂಡರು. ಅಮಾಂಡಾಳೇ ಅವರ ಕೊನೆಯ ಪಾತ್ರ. 1938ರಲ್ಲಿ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ತೆಗೆಸಿದ ಒಂದು ಸ್ಕ್ರೀನ್ ಟೆಸ್ಟ್, ಅಂದರೆ ಸಿನಿಮಾ ಪಾತ್ರಕ್ಕೆ ಒಪ್ಪುತ್ತಾರಾ ಅಂತ ನೋಡಲು ತೆಗೆಯುವ ತುಣುಕು, ಉಳಿದಿದೆ. ಅದರಲ್ಲಿ ಅವರ ದನಿಯೂ ಇದೆ. ಸಿಕ್ಕರೆ ದಯವಿಟ್ಟು ನೋಡಿ. ನಮಸ್ಕಾರ.